ತೊಳೆದರೆ ಹೋಗದ್ದು

ಕುರ್ಚಿಯ ತುದಿಯಲ್ಲಿ ಒಂದೇ ಮಗ್ಗುಲಿಗೆ ಭಾರ ಹಾಕಿ, ಕೂತಿದ್ದಾಳೋ ಏಳುತ್ತಿದ್ದಾಳೋ ತಿಳಿಯದ ಹಾಗೆ ಅವಳು ಕೂತಿದ್ದಳು. ಕೈಯಲ್ಲಿ ಹದಿನೇಳನೆಯ ನಂಬರಿನ ಚೀಟಿ. ಬಾಗಿಲ ಮೇಲಿನ ಕೆಂಪು ಅಂಕಿ ಹನ್ನೊಂದಕ್ಕೆ ಬಂದು ನಿಂತದ್ದು ಅಲ್ಲಿಂದ ಕದಲುತ್ತಲೇ ಇರಲಿಲ್ಲ. ಎರಡು ಬಸ್ಸು ಬದಲಿಸಿ ಬಂದ ಆಸ್ಪತ್ರೆ ಇದು. ಇನ್ನೊಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷದಿಂದ ಸಿಸ್ಟರ್ ಆಗಿರುವವಳು, ಅಲ್ಲಿನ ಡಾಕ್ಟರುಗಳಲ್ಲಿ ಇಬ್ಬರಿಗೆ ಕೈಗವಸು ಹಾಕಿಕೊಳ್ಳುವುದನ್ನು ತಾನೇ ಕಲಿಸಿದವಳು, ಅವರಲ್ಲಿ ಒಬ್ಬರಿಗೆ ತೋರಿಸಿಕೊಳ್ಳುವುದು ಬಿಟ್ಟು ಊರಿನ ಈ ತುದಿಗೆ ಬಂದು, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ತಲೆ ತಗ್ಗಿಸಿಕೊಂಡು ಕಾಯುತ್ತಿದ್ದಳು. ಕೌಂಟರಿನಲ್ಲಿ ಕೊಟ್ಟ ಹಾಳೆಯಲ್ಲಿ ಉದ್ಯೋಗ ಎಂದಿದ್ದ ಕಡೆ ಟೀಚರ್ ಎಂದು ಬರೆದಿದ್ದಳು. ಪೂರ್ತಿ ಸುಳ್ಳೇನಲ್ಲ. ವಾರಕ್ಕೆರಡು ಮಧ್ಯಾಹ್ನ ನರ್ಸಿಂಗ್ ಶಾಲೆಯ ಹುಡುಗಿಯರಿಗೆ ಪಾಠ ಮಾಡುತ್ತಾಳೆ. ಇವತ್ತೂ ಮೂರು ಗಂಟೆಗೆ ಕ್ಲಾಸಿದೆ. ಪಾಠ, ಹಾಸಿಗೆ ಹಿಡಿದ ಹೆಂಗಸಿನ ಕೆಳಭಾಗವನ್ನು ತೊಳೆಯುವುದು ಹೇಗೆ. ತೊಳೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಇಡೀ ಆಸ್ಪತ್ರೆಗೆ ಗೊತ್ತು.

ಬಂತು. ಅದು ಹಾಗೆಯೇ, ಹೇಳದೆ ಕೇಳದೆ ಬರುತ್ತದೆ. ಮೊದಲು ಒಂದು ಇರುವೆ ನಡೆದ ಹಾಗೆ, ಆಮೇಲೆ ಆ ಇರುವೆಯ ಹಿಂದೆ ಅದರ ಬಂಧುಬಳಗವೆಲ್ಲ ಸಾಲಾಗಿ. ಅವಳು ಕಾಲ ಮೇಲೆ ಕಾಲು ಹಾಕಿ ತೊಡೆಗಳನ್ನು ಒತ್ತಿ ಹಿಡಿದಳು. ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಅದರ ಅಡಿಯಿಂದ ಬೆರಳ ಗೆಣ್ಣನ್ನು ಸೀರೆಯ ಮೇಲಿನಿಂದಲೇ ಅದುಮಿದಳು. ತುರಿಸಿಕೊಂಡರೆ ಒಂದು ನಿಮಿಷದ ಸ್ವರ್ಗ, ಅದರ ಬೆನ್ನಿಗೇ ಉರಿ. ಉಚ್ಚೆ ಹೊಯ್ಯುವಾಗ ಆ ಉರಿಗೆ ಉಪ್ಪು ಸುರಿದ ಹಾಗೆ. ನಾಲ್ಕು ವರ್ಷವಾಯಿತು. ವಾರ್ಡಿನಲ್ಲಿ ಇದಕ್ಕೆ ಅವಳು ಕಂಡುಕೊಂಡ ಉಪಾಯಗಳು ಹಲವು: ಔಷಧಿಯ ಗಾಡಿಯನ್ನು ತಳ್ಳುವಾಗ ಅದರ ಮೂಲೆಗೆ ಆತುಕೊಂಡು ನಿಲ್ಲುವುದು, ಕೇಸ್ ಶೀಟುಗಳ ಕಟ್ಟನ್ನು ಎದೆಗಲ್ಲದೆ ಕೆಳಗೆ ಹಿಡಿದು ನಡೆಯುವುದು, ಬಟ್ಟೆಗಳ ಕೋಣೆಯಲ್ಲಿ ಏನನ್ನೋ ಹುಡುಕಲು ಹೋಗಿ ಬಾಗಿಲು ಹಾಕಿಕೊಳ್ಳುವುದು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು. ಹೋದ ವರ್ಷ ಶಾಲೆಯ ಹುಡುಗಿಯರು ವಾರ್ಷಿಕೋತ್ಸವಕ್ಕೆ ಒಂದು ನಗೆನಾಟಕ ಮಾಡಿದ್ದರು. ಉದ್ದ ಜಡೆಯ ಹುಡುಗಿಯೊಬ್ಬಳು ಲೋಷನ್ ಸಿಸ್ಟರ್ ಆಗಿ ಬಂದಿದ್ದಳು. ಅದು ಇವಳ ಅಡ್ಡಹೆಸರು, ಲೋಷನ್ ಸಿಸ್ಟರ್ ಕೈಗೆ ಸಿಕ್ಕಿದರೆ ಕಾಗೆಯೂ ಕೊಕ್ಕರೆಯಾಗುತ್ತದೆ ಎಂಬ ಮಾತೇ ಅಲ್ಲಿ ಇತ್ತು. ಆ ಹುಡುಗಿ ಕಾಲು ಸ್ವಲ್ಪ ಅಗಲಿಸಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು, ಸೊಂಟವನ್ನು ಒಂದು ಥರಾ ಕೊಂಕಿಸಿ, ಮತ್ತೆ ನಡೆದಿದ್ದಳು. ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಮನೆಗೆ ಹೋಗಿ ಬಚ್ಚಲಲ್ಲಿ ಕೂತು ಅತ್ತಳು, ಅತ್ತು ಮುಗಿದ ಮೇಲೆ ತೊಳೆದುಕೊಂಡಳು.

ತೊಳೆದುಕೊಳ್ಳುವುದೊಂದೇ ಅವಳಿಗೆ ಗೊತ್ತಿದ್ದ ಮದ್ದು. ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ. ವಾರ್ಡಿನ ಹಳದಿ ಲೋಷನ್ನಿನ ಬಾಟಲಿ ಮನೆಯ ಬಚ್ಚಲಿಗೂ ಬಂದಿತ್ತು. ಅಳತೆಯ ಲೋಟದಲ್ಲಿ ಹಿಡಿದು, ಬೆರೆಸಿ, ಹತ್ತಿಯಿಂದ ಮೇಲಿನಿಂದ ಕೆಳಕ್ಕೆ, ಒಂದು ಸಲ ಒರೆಸಿದ ಹತ್ತಿಯನ್ನು ಮತ್ತೆ ಮುಟ್ಟದೆ, ಪುಸ್ತಕದಲ್ಲಿ ಹೇಳಿದ ಹಾಗೆ. ತುರಿಕೆ ಹೆಚ್ಚಾದರೆ ಲೋಷನ್ ಹೆಚ್ಚು. ಬಿಳಿ ಹೋಗುವವರಿಗೆ ಹಾಕುವ ಕ್ರೀಮನ್ನು ತಾನೇ ತಂದು ಹಚ್ಚಿದಳು, ಒಂದಲ್ಲ, ಒಂಬತ್ತು ಟ್ಯೂಬು. ಯಾವುದೂ ನಾಟಲಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಹೆಂಗಸರ ಕಾಲ ಮಧ್ಯೆ ದೀಪ ಹಿಡಿದು ನೋಡಿದ್ದಾಳೋ ಲೆಕ್ಕವಿಲ್ಲ, ತನ್ನದನ್ನು ಮಾತ್ರ ಒಂದು ದಿನವೂ ನೋಡಿಕೊಳ್ಳಲಿಲ್ಲ. ಕಣ್ಣು ಮುಚ್ಚಿಕೊಂಡು ತೊಳೆದಳು. ನೋಡಿದರೆ ಅಲ್ಲಿ ಏನಿರುತ್ತದೋ ಎಂಬ ಹೆದರಿಕೆ. ಇವತ್ತು ಗೊತ್ತಾಗಬೇಕಾದದ್ದು ಇಷ್ಟೇ: ಇದು ಕ್ಯಾನ್ಸರೋ, ಕೊಳೆಯೋ. ನಿಜ ಹೇಳಬೇಕೆಂದರೆ ಅವಳಿಗೆ ಎರಡನೆಯದರ ಭಯವೇ ಹೆಚ್ಚು. ಕ್ಯಾನ್ಸರ್ ಬಂದರೆ ಜನ ಅಯ್ಯೋ ಅನ್ನುತ್ತಾರೆ, ಕೊಳೆ ಅಂದರೆ ಮೂಗು ಮುಚ್ಚಿಕೊಳ್ಳುತ್ತಾರೆ.

ಅಂಕಿ ಹದಿಮೂರಾಯಿತು. ಎದುರಿಗೆ ಒಬ್ಬ ಹೆಂಗಸು ಗಂಡನ ಜೊತೆ ಬಂದು ಕೂತಳು. ಅವನು ಹೆಂಡತಿಯ ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿ ನಿವೃತ್ತನಾದ ತನ್ನ ಗಂಡನೂ ಹೀಗೇ, ಕೇಳಿದ್ದರೆ ಬರುತ್ತಿದ್ದ, ಚೀಲವನ್ನೂ ಹಿಡಿಯುತ್ತಿದ್ದ. ಕೇಳಬೇಕಿತ್ತಲ್ಲ. ಮೂರು ವರ್ಷದ ಹಿಂದೆ ಒಂದು ಭಾನುವಾರದ ಮಧ್ಯಾಹ್ನ ಅವನು ಹತ್ತಿರ ಬಂದಾಗ ಚರ್ಮ ಹರಿದ ಹಾಗಾಗಿ ಅವಳು ಹಲ್ಲು ಕಚ್ಚಿದ್ದಳು, ಆಮೇಲೆ ಹಾಸಿಗೆಯ ಮೇಲೆ ಎರಡು ಹನಿ ರಕ್ತ. ಅವನಿಗೆ ಕಾಣದ ಹಾಗೆ ಹೊದಿಕೆಯನ್ನು ಒಗೆದಳು. ಮುಂದಿನ ಭಾನುವಾರ ತಲೆನೋವು, ಅದರ ಮುಂದಿನದಕ್ಕೆ ಡ್ಯೂಟಿ, ಆಮೇಲೆ ನೆಪಗಳೂ ಬೇಕಾಗಲಿಲ್ಲ. ಒಂದು ದಿನ ಅವನು ರೇಡಿಯೋದ ಗುಂಡಿ ತಿರುಗಿಸುತ್ತ, ಅವಳ ಮುಖ ನೋಡದೆ, "ನನ್ ಮೇಲೆ ಏನಾದ್ರೂ ಬೇಜಾರಾ?" ಎಂದು ಕೇಳಿದ್ದ. "ವಯಸ್ಸಾಯ್ತಲ್ಲಾ ರೀ," ಎಂದಿದ್ದಳು. ಅವನು ಹೂಂ ಎಂದು, ತನ್ನ ಹಾಸಿಗೆಯನ್ನು ಮುಂದಿನ ಕೋಣೆಗೆ ಒಯ್ದ. ಒಯ್ಯುವಾಗ ದಿಂಬು ಕೈಜಾರಿ ಬಿತ್ತು, ಅವಳು ಎತ್ತಿಕೊಟ್ಟಳು. ಅಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಆಗ ಸಮಾಧಾನವೂ ಆಗಿತ್ತು. ಆ ಸಮಾಧಾನಕ್ಕಾಗಿ ಅವಳು ತನ್ನನ್ನು ಇನ್ನೂ ಕ್ಷಮಿಸಿರಲಿಲ್ಲ.

ಹದಿನೇಳು. ಒಳಗಿದ್ದ ಡಾಕ್ಟರಿಗೆ ನಲವತ್ತು ಇರಬಹುದು, ಸಣ್ಣ ಮೂಗು, ಕುತ್ತಿಗೆಗೆ ನೇತುಹಾಕಿದ ಕನ್ನಡಕ. ಮಂಚದ ಮೇಲಿನ ಹಾಸುಬಟ್ಟೆಯ ಮಡಿಕೆ ಸರಿಯಿರಲಿಲ್ಲ, ಕಸದ ಬುಟ್ಟಿಯ ಮುಚ್ಚಳ ತೆರೆದಿತ್ತು. ನನ್ನ ವಾರ್ಡಾಗಿದ್ದರೆ, ಎಂದು ಮನಸ್ಸು ಹಳೆಯ ಅಭ್ಯಾಸದಲ್ಲಿ ಗದರಲು ಹೋಗಿ, ತಾನಿರುವುದು ಮಂಚದ ಮೇಲೆ ಎಂಬುದು ನೆನಪಾಗಿ ಸುಮ್ಮನಾಯಿತು. ಮಲಗಿ, ಮೊಣಕಾಲು ಮಡಿಸಿ, ಸ್ವಲ್ಪ ಕೆಳಗೆ ಬನ್ನಿ. ಈ ಮಾತುಗಳನ್ನು ಅವಳು ಎಷ್ಟು ಜನರಿಗೆ ಹೇಳಿದ್ದಳು! ಮಂಚದ ತುದಿ ಇಷ್ಟು ದೂರವಿರುತ್ತದೆ, ಜಾರುತ್ತ ಜಾರುತ್ತ ಇನ್ನೇನು ಬಿದ್ದೇ ಹೋಗುತ್ತೇನೆ ಅನ್ನಿಸುತ್ತದೆ ಎಂದು ಇವತ್ತೇ ಗೊತ್ತಾಯಿತು. ಡಾಕ್ಟರು ದೀಪವನ್ನು ಎಳೆದುಕೊಂಡು ನೋಡಿದರು, ಏನೂ ಮಾತಾಡಲಿಲ್ಲ. ಡಾಕ್ಟರುಗಳ ಮೌನದ ಅರ್ಥ ನರ್ಸುಗಳಿಗೆ ಗೊತ್ತಿರುತ್ತದೆ.

"ಯಾವತ್ತಾದ್ರೂ ಕನ್ನಡೀಲಿ ನೋಡ್ಕೊಂಡಿದ್ದೀರಾ?"

"ಇಲ್ಲ."

"ನೋಡ್ತೀರಾ? ನಾನು ತೋರಿಸ್ತಾ ಹೇಳ್ತೀನಿ. ಬೇಡ ಅಂದ್ರೂ ಪರವಾಗಿಲ್ಲ."

ಕೈಗೆ ಬಂದದ್ದು ಮುಖ ನೋಡಿಕೊಳ್ಳುವ ಗುಂಡಗಿನ ಕನ್ನಡಿ. ಅವಳು ತಲೆ ಎತ್ತಿ ಅದನ್ನು ವಾಲಿಸಿದಳು. ಬೆಳ್ಳಗಿತ್ತು. ಚರ್ಮ ಬೆಳ್ಳಗೆ, ತೆಳ್ಳಗೆ, ಸುಕ್ಕುಸುಕ್ಕಾಗಿ ಹೊಳೆಯುತ್ತಿತ್ತು. ಆ ಬಿಳಿ ಯೋನಿಯ ಸುತ್ತ ಒಂದು ಸುತ್ತು ಬಂದು, ಕೆಳಗಿಳಿದು ಗುದದ ಸುತ್ತ ಇನ್ನೊಂದು ಸುತ್ತು ಹಾಕಿತ್ತು. ಎರಡು ಕಡೆ ಕೂದಲೆಳೆಯಷ್ಟು ಸೀಳು, ಒಂದು ಕಡೆ ರಕ್ತ ಹೆಪ್ಪುಗಟ್ಟಿದ ನೇರಳೆ ಚುಕ್ಕೆ. ಒಳತುಟಿಗಳು ಇರಬೇಕಾದ ಕಡೆ ಇರಲಿಲ್ಲ, ಹೊರತುಟಿಗೆ ಅಂಟಿಕೊಂಡು ಸವೆದು ಹೋಗಿದ್ದವು. ಮೇಲಿನ ಚಂದ್ರನಾಡಿ ಚರ್ಮದ ಅಡಿಯಲ್ಲಿ ಮುಚ್ಚಿಹೋಗಿತ್ತು. ದ್ವಾರ ಕಿರಿದಾಗಿತ್ತು. ಅವಳು ನೋಡಿದಳು, ಮತ್ತೆ ನೋಡಿದಳು. ತಾನು ಇದನ್ನು ಮೊದಲ ಸಲ ನೋಡುತ್ತಿಲ್ಲ ಎಂದು ಆಗ ಗೊತ್ತಾಯಿತು.

ಸೊಂಟ ಮುರಿದುಕೊಂಡು ಬಂದಿದ್ದ ಅಜ್ಜಿ. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಬೀದಿ ಮೊಟ್ಟೆ ಮಾರುತ್ತಿದ್ದವಳು, ಇಪ್ಪತ್ತು ವರ್ಷದ ಹಿಂದೆ ಇವಳನ್ನು ಕೆಲವು ವಾರ ಮೂಳೆ ವಾರ್ಡಿಗೆ ಹಾಕಿದ್ದಾಗಿನ ಮಾತು. ಉಚ್ಚೆಯ ನಳಿಗೆ ಹಾಕಲು ಹೋದಾಗ ಇದೇ ಬಿಳಿ, ಇದೇ ಸೀಳು. ಕೊಳೆ ಕಟ್ಟಿದೆ ಎಂದುಕೊಂಡಳು ಇವಳು, ಆಗ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ಏನಜ್ಜೀ, ತೊಳ್ಕೊಳೋದು ಯಾರೂ ಕಲಿಸಿಲ್ವಾ ನಿಂಗೆ?" ಎಂದು ಪಕ್ಕದ ಮಂಚಗಳಿಗೂ ಕೇಳುವ ಹಾಗೆ ಅಂದು, ಲೋಷನ್ನಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದಳು. ಹೋಗಲಿಲ್ಲ, ಇನ್ನೂ ಉಜ್ಜಿದಳು. ಅಜ್ಜಿ ಮಂಚದ ಸರಳನ್ನು ಹಿಡಿದುಕೊಂಡು, "ಕೊಳೆ ಅಲ್ಲ ತಾಯೀ, ಮೊಟ್ಟೆ ಒಳಗಿನ್ ಪೊರೆ ಥರಾ ಆಗೋಗಿದೆ, ಉಜ್ಜಿದ್ರೆ ಹರಿಯುತ್ತೆ," ಎಂದಳು. ಪಕ್ಕದ ಮಂಚದವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಜ್ಜಿ ಆಮೇಲೆ ಇದ್ದ ಹನ್ನೆರಡು ದಿನವೂ ಇವಳ ಜೊತೆ ಮಾತಾಡಲಿಲ್ಲ. ನೀರು ಬೇಕಾದರೂ ಆಯಾಳನ್ನು ಕೇಳುತ್ತಿದ್ದಳು. ಮುದುಕಿಗೆ ಎಷ್ಟು ಜಂಬ ಎಂದುಕೊಂಡಿದ್ದಳು ಇವಳು.

"ಇದಕ್ಕೆ ಲೈಕೆನ್ ಸ್ಕ್ಲೆರೋಸಸ್ ಅಂತಾರೆ," ಎನ್ನುತ್ತಿದ್ದರು ಡಾಕ್ಟರು. "ಚರ್ಮದ ಕಾಯಿಲೆ. ದೇಹ ತನ್ನ ಮೇಲೆ ತಾನೇ ಜಗಳಕ್ಕೆ ನಿಂತ ಹಾಗೆ. ಯಾಕೆ ಬರುತ್ತೆ ಅಂತ ಪೂರ್ತಿ ಗೊತ್ತಿಲ್ಲ. ಅಂಟುರೋಗ ಅಲ್ಲ, ಯಾರಿಂದಲೂ ಬಂದಿದ್ದಲ್ಲ, ಯಾರಿಗೂ ಹೋಗಲ್ಲ. ಮುಟ್ಟು ನಿಂತ ಮೇಲೆ ಜಾಸ್ತಿ, ಆದ್ರೆ ಸಣ್ಣ ಮಕ್ಕಳಲ್ಲೂ ನೋಡ್ತೀವಿ."

"ಕ್ಯಾನ್ಸರಾ?"

"ಅಲ್ಲ. ನೂರಲ್ಲಿ ಕೆಲವರಿಗೆ ಮಾತ್ರ ಮುಂದೆ ಆಗೋ ಸಾಧ್ಯತೆ ಇರುತ್ತೆ, ಅದಕ್ಕೇ ವರ್ಷ ವರ್ಷ ಬಂದು ತೋರಿಸ್ಬೇಕು. ವಾಸಿಯಾಗದ ಹುಣ್ಣು, ಗಂಟು ಏನಾದ್ರೂ ಕಂಡ್ರೆ ಕಾಯೋದು ಬೇಡ, ತಕ್ಷಣ ಬನ್ನಿ. ಈಗ ಅಂಥದ್ದೇನೂ ಇಲ್ಲ."

ಕೊಳೆಯಾ ಎಂಬ ಎರಡನೆಯ ಪ್ರಶ್ನೆಯನ್ನು ಅವಳು ಕೇಳಬೇಕಿತ್ತು. ಡಾಕ್ಟರೇ ಕೇಳಿದರು: "ಏನು ಹಾಕಿ ತೊಳೀತಿದ್ದೀರಿ?"

"ಲೋಷನ್. ಒಂದಕ್ಕೆ ನಲವತ್ತು ಪಾಲು ನೀರು. ಮೊದಲು ಒಂದಕ್ಕೆ ನೂರು ಹಾಕ್ತಿದ್ದೆ."

ಡಾಕ್ಟರು ಕನ್ನಡಕವನ್ನು ಮೂಗಿಗೇರಿಸಿ ಹಾಳೆಯನ್ನು ನೋಡಿದರು. "ಟೀಚರ್ ಅಂತ ಬರ್ದಿದ್ದೀರಿ. ಒಂದಕ್ಕೆ ನಲವತ್ತು ಅನ್ನೋ ಟೀಚರನ್ನ ನಾನು ನೋಡೇ ಇಲ್ಲ. ಯಾವ ಆಸ್ಪತ್ರೆ ಸಿಸ್ಟರ್?"

ಸಿಕ್ಕಿಬಿದ್ದಳು. ಕಾಲು ಮಡಿಸಿ, ಅರ್ಧ ಬೆತ್ತಲೆಯಾಗಿ, ಕೈಯಲ್ಲಿ ಕನ್ನಡಿ ಹಿಡಿದುಕೊಂಡು ಸಿಕ್ಕಿಬೀಳುವುದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಆದರೆ ನಗು ಬಂತು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಕನ್ನಡಿ, ಆಮೇಲೆ ಮಂಚ. ಡಾಕ್ಟರೂ ನಕ್ಕರು. ನಗುವಿನ ಮಧ್ಯೆಯೇ, "ಕೊಳೆಗೂ ಇದಕ್ಕೂ ಯಾವ ಸಂಬಂಧಾನೂ ಇಲ್ಲ ಸಿಸ್ಟರ್. ನೀವು ಜಾಸ್ತಿ ತೊಳೆದಿದ್ದೇ ತಪ್ಪು. ಇನ್ಮೇಲೆ ಬರೀ ನೀರು ಸಾಕು," ಎಂದರು. ಬಟಾಣಿ ಕಾಳಿನಷ್ಟು ಸ್ಟೀರಾಯ್ಡ್ ಮುಲಾಮು, ಒಂದು ತಿಂಗಳು ದಿನಾ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ. ಸವೆದದ್ದು ಮತ್ತೆ ಬರುವುದಿಲ್ಲ. ಆದರೆ ತುರಿಕೆ ಹೋಗುತ್ತದೆ, ಸೀಳು ಕೂಡುತ್ತದೆ, ಹೆಚ್ಚಿನವರಿಗೆ ಕೆಲವು ವಾರದಲ್ಲೇ. ಅವಳು ಎದ್ದು ಸೀರೆ ಸರಿಮಾಡಿಕೊಂಡಳು. ಹಾಸುಬಟ್ಟೆಯ ಮಡಿಕೆಯನ್ನೂ ಸರಿಮಾಡಿದಳು. ಹುಟ್ಟುಗುಣ ಎಲ್ಲಿ ಹೋಗುತ್ತದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತುರಿಕೆ ಇದ್ದೇ ಇತ್ತು, ಮುಲಾಮಿನ ಟ್ಯೂಬು ಇನ್ನೂ ಚೀಲದಲ್ಲಿ ಮುಚ್ಚಳ ಕೂಡ ತೆಗೆಯದೆ ಮಲಗಿತ್ತು, ಆದರೂ ಅವಳಿಗೆ ಗೆದ್ದ ಹಾಗಾಗಿತ್ತು. ನಾಲ್ಕು ವರ್ಷ ಮೈಯಲ್ಲಿ ಸೇರಿಕೊಂಡು ಆಟ ಆಡಿಸಿದ್ದಕ್ಕೆ ಒಂದು ಹೆಸರಿತ್ತು, ಹೆಸರಿದ್ದ ಮೇಲೆ ಅದು ಅವಳ ತಪ್ಪಾಗಿರಲಿಲ್ಲ. ಹೆಸರನ್ನು ತುಟಿಯಲ್ಲೇ ಎರಡು ಮೂರು ಸಲ ಹೇಳಿಕೊಂಡಳು. ಕೊಳೆ ಅಲ್ಲ, ಕೊಳೆ ಅಲ್ಲ. ಅಂಗಡಿಗಳು, ಸೈಕಲ್ಲುಗಳು, ಬಣ್ಣ ಬಳಿಯುತ್ತಿದ್ದ ಒಂದು ಗೋಡೆ ಹಿಂದೆ ಹೋದವು. ಅಜ್ಜಿಗೂ ಇದನ್ನು ಯಾರಾದರೂ ಹೇಳಬಹುದಿತ್ತು. ಹೇಳಬೇಕಾಗಿದ್ದವಳ ಕೈಯಲ್ಲಿ ಹತ್ತಿ ಇತ್ತು. ಆ ಮುದುಕಿ ಯಾವ ಬೀದಿಯವಳು ಎಂದು ಕೂಡ ಇವಳಿಗೆ ಗೊತ್ತಿಲ್ಲ, ಇಷ್ಟು ಹೊತ್ತಿಗೆ ಬದುಕಿರುವ ಮಾತೂ ಅಲ್ಲ. ಕ್ಷಮೆ ಕೇಳುವುದಕ್ಕೆ ಜಾಗವಿಲ್ಲದ ತಪ್ಪು. ಸಂತೋಷದ ಮಧ್ಯೆ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವಳು ಅದನ್ನು ಕಿತ್ತು ಹಾಕಲು ಹೋಗಲಿಲ್ಲ. ಗಡಿಯಾರ ನೋಡಿಕೊಂಡಳು, ಎರಡೂ ಕಾಲು. ಕ್ಲಾಸಿಗೆ ಇವತ್ತು ರಜೆ ಹಾಕಿಬಿಡಬಹುದು ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಆಗಲೇ ಇಳಿಯುವುದಕ್ಕೆ ಎದ್ದು ನಿಂತಿತ್ತು.

ಇಪ್ಪತ್ತಾರು ಹುಡುಗಿಯರು. ಮೇಜಿನ ಮೇಲೆ ಬೇಸಿನ್, ಹತ್ತಿ, ಹಳದಿ ಬಾಟಲಿ, ಎಲ್ಲವನ್ನೂ ಆಯಾ ಜೋಡಿಸಿಟ್ಟಿದ್ದಳು. ಅವಳು ಬಾಟಲಿಯನ್ನು ಎತ್ತಿ ಕೆಳಗಿಟ್ಟಳು. "ಇವತ್ತು ತೊಳೆಯೋ ಪಾಠ ಅಲ್ಲ. ಒಂದು ಕೇಸ್ ಹೇಳ್ತೀನಿ, ಬರ್ಕೊಳ್ಳಿ," ಎಂದಳು. ರೋಗಿ ಹೆಂಗಸು, ವಯಸ್ಸು ಐವತ್ತಾರು, ಮುಟ್ಟು ನಿಂತು ಆರು ವರ್ಷ. ಮುಖ್ಯ ತೊಂದರೆ ತುರಿಕೆ, ನಾಲ್ಕು ವರ್ಷದಿಂದ, ಮಲಗಿದ ಮೇಲೆ ಹೆಚ್ಚು. ಎಲ್ಲಿ ತುರಿಕೆ ಎಂದು ಮುಂದಿನ ಬೆಂಚಿನವಳು ಕೇಳಿದಳು. ಕೆಳಭಾಗ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಮೂವತ್ತೊಂದು ವರ್ಷ ಆಡಿದ ಮಾತು. ಅದನ್ನು ನುಂಗಿದಳು. "ಯೋನಿಯ ಹೊರಭಾಗದಲ್ಲಿ. ತಲೆ ಎತ್ತಿ ಬರ್ಕೊಳ್ಳಿ, ಅದೂ ಮೈನೇ." ಬೋರ್ಡಿನ ಮೇಲೆ ಬಿಡಿಸಿದಳು. ಎಲ್ಲಿ ಬಿಳಿ, ಎಲ್ಲಿ ಸೀಳು, ಇಂಗ್ಲಿಷಿನ ಎಂಟರ ಅಂಕಿಯ ಹಾಗೆ ಅದು ಹೇಗೆ ಸುತ್ತು ಬರುತ್ತದೆ, ಒಳತುಟಿ ಹೇಗೆ ಕರಗುತ್ತದೆ. ಚರ್ಮ ಮೊಟ್ಟೆಯೊಳಗಿನ ಪೊರೆಯ ಹಾಗಾಗುತ್ತದೆ, ಉಜ್ಜಿದರೆ ಹರಿಯುತ್ತದೆ, ಇದನ್ನು ನನಗೆ ಹೇಳಿಕೊಟ್ಟದ್ದು ಒಬ್ಬ ಮೊಟ್ಟೆ ಮಾರುವ ಅಜ್ಜಿ, ಆವತ್ತು ನಾನು ಕಲಿಯಲಿಲ್ಲ, ಅವಳನ್ನು ಬೈದೆ, ಅದು ನಾನು ಮಾಡಿದ ಅನ್ಯಾಯ ಎಂದಳು. ತನ್ನ ಧ್ವನಿ ಇಷ್ಟು ನಿರಾಳವಾಗಿದ್ದದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ.

ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಉದ್ದ ಜಡೆಯವಳು. "ಸಿಸ್ಟರ್, ಆ ಪೇಶೆಂಟ್ ಈಗ ಹೇಗಿದ್ದಾರೆ?"

"ನೋಡು, ನಿಂತಿದ್ದೀನಲ್ಲ."

ಇಪ್ಪತ್ತಾರು ಪೆನ್ನುಗಳು ನಿಂತವು. ಉದ್ದ ಜಡೆಯವಳ ಮುಖ ಕೆಂಪಾಯಿತು, ಬಿಳಿಚಿಕೊಂಡಿತು, ಕಣ್ಣು ತುಂಬಿತು. ಬೆಂಚನ್ನು ಹಿಡಿದುಕೊಂಡು, "ಸಿಸ್ಟರ್, ಆ ನಾಟಕ... ನಂಗೆ ಗೊತ್ತಿರ್ಲಿಲ್ಲ ಸಿಸ್ಟರ್," ಎಂದಳು.

"ಅಳ್ಬೇಡ. ಚೆನ್ನಾಗೇ ಮಾಡಿದ್ದೆ. ನಾಲ್ಕು ಜನ ಡಾಕ್ಟ್ರು ದಿನಾ ನನ್ ಪಕ್ಕದಲ್ಲೇ ರೌಂಡ್ಸ್ ಬರ್ತಾರೆ, ಒಬ್ರ ಕಣ್ಣಿಗೂ ಬೀಳದಿದ್ದು ನಿನ್ ಕಣ್ಣಿಗೆ ಬಿತ್ತು. ಅದು ಒಳ್ಳೇ ನರ್ಸಿನ ಕಣ್ಣು. ಇನ್ನೊಂದ್ಸಲ ಯಾರಾದ್ರೂ ಹಾಗೆ ನಡೀತಿದ್ರೆ ನಗೋ ಬದ್ಲು ಹತ್ರ ಹೋಗಿ ಕೇಳು, ಅಷ್ಟೇ." ಹುಡುಗಿ ಮೂಗು ಒರೆಸಿಕೊಂಡು ತಲೆಯಾಡಿಸಿದಳು. ಆಮೇಲೆ ಪ್ರಶ್ನೆಗಳು ಬಂದವು ನೋಡಿ, ಕಟ್ಟೆ ಒಡೆದ ಹಾಗೆ! ಮುಲಾಮು ಎಷ್ಟು ದಿನ, ಮಕ್ಕಳಲ್ಲಿ ಹೇಗೆ ಗುರುತಿಸೋದು, ಬಿಳಿ ಹೋಗೋದಕ್ಕೂ ಇದಕ್ಕೂ ಏನು ವ್ಯತ್ಯಾಸ, ನಮ್ಮತ್ತೆಗೂ ಹೀಗೇ ಇದೆ ಅನ್ನಿಸುತ್ತೆ ಸಿಸ್ಟರ್, ಕರ್ಕೊಂಡು ಬರ್ಲಾ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೊನೆಗೆ ಮುಂದಿನ ಬೆಂಚಿನವಳು, ಎಲ್ಲ ಕ್ಲಾಸಿನಲ್ಲೂ ಇಂಥವಳೊಬ್ಬಳು ಇರುತ್ತಾಳೆ, ಪೆನ್ನಿನ ತುದಿ ಕಚ್ಚುತ್ತ ಕೇಳಿದಳು: "ಪೇಶೆಂಟ್ ಗಂಡನಿಗೆ ವಿಷಯ ಗೊತ್ತಾ ಸಿಸ್ಟರ್?"

"ಗೊತ್ತಿಲ್ಲ," ಎಂದಳು ಅವಳು. "ಇವತ್ತು ಗೊತ್ತಾಗುತ್ತೆ."

ಮನೆಯಲ್ಲಿ ಅವನು ಬನಿಯನ್ನಿನಲ್ಲಿ ಕೂತು ಪೇಪರಿನ ಪದಬಂಧ ತುಂಬಿಸುತ್ತಿದ್ದ. ಚಪ್ಪಲಿ ಬಿಟ್ಟವಳೇ ಅವಳು ಎದುರಿಗೆ ಹೋಗಿ ನಿಂತಳು, ಕೂತರೆ ಧೈರ್ಯವೂ ಕೂತುಬಿಡುತ್ತದೆ ಎಂದು. "ರೀ, ಒಂದು ಮಾತು ಹೇಳ್ಬೇಕು. ಮಧ್ಯ ಮಾತಾಡ್ಬೇಡಿ. ನಿಮ್ ಮೇಲೆ ನಂಗೆ ಬೇಜಾರು ಯಾವತ್ತೂ ಇರ್ಲಿಲ್ಲ. ವಯಸ್ಸಾಯ್ತು ಅಂದಿದ್ದು ಸುಳ್ಳು. ನೋವಿತ್ತು, ನಾಚಿಕೆ ಇತ್ತು, ಹೇಳ್ಲಿಲ್ಲ." ಆಮೇಲೆ ಎಲ್ಲವನ್ನೂ ಹೇಳಿದಳು, ಕ್ಲಾಸಿನಲ್ಲಿ ಹೇಳಿದ ಕ್ರಮದಲ್ಲೇ, ಒಂದನ್ನೂ ಬಿಡದೆ. ಅವನು ಪೇಪರನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ನನ್ ಬಾಯಿ ವಾಸನೆ ಅಂದ್ಕೊಂಡಿದ್ದೆ ಕಣೇ," ಎಂದ.

"ಏನು?"

"ಸಿಗರೇಟು ಸೇದ್ತಿದ್ನಲ್ಲ. ಅದಕ್ಕೇ ನೀನು ದೂರ ಹೋದೆ ಅಂದ್ಕೊಂಡೆ. ಸಿಗರೇಟು ಬಿಟ್ಟೆ. ಬಿಟ್ರೂ ನೀನು ಬರ್ಲಿಲ್ಲ. ಆಮೇಲೆ ಹಲ್ಲಿನ್ ಡಾಕ್ಟ್ರ ಹತ್ರ ಹೋದೆ, ಎರಡು ಹಲ್ಲು ಕೀಳ್ಸ್ದೆ. ಚೆನ್ನಾಗೇ ಇದ್ವು ಅವು."

ಅವಳು ಅವನ ಬಾಯಿಯನ್ನು ನೋಡಿದಳು. ಎಡಗಡೆ ಕೆಳಗೆ, ನಿಜವಾಗಿಯೂ, ಎರಡು ಹಲ್ಲಿರಲಿಲ್ಲ. ಮೂರು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿ ಅವಳು ಅದನ್ನು ನೋಡಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಅವನ ಪಕ್ಕದಲ್ಲಿ ಕೂತು ಅವನ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದಳು. "ಬಾಯ್ ತೆಗೀರಿ, ನೋಡೋಣ," ಎಂದಳು. ಅವನು ವಿಧೇಯನಾಗಿ ಆ ಎಂದ. ಹಾಗೆ ಬಾಯಿ ತೆರೆದುಕೊಂಡೇ ನಗತೊಡಗಿದ.